ಬೇರೋ, ಮಂಗಳವಾರವೋ? ಗಿಡಮೂಲಿಕೆ ಮಾತ್ರೆಯನ್ನು ಪರೀಕ್ಷಿಸುವ ಬಗೆ

ನಾನು ಹತ್ತು ಕಿಲೋಮೀಟರ್ ಓಡುವವಳು. ಗೆಲ್ಲುವವಳಲ್ಲ, ಸುಮ್ನೆ ಓಡುವವಳು. ಅಶ್ವಗಂಧ ಶುರು ಮಾಡಿದ ಎರಡೇ ತಿಂಗಳಿಗೆ ನನ್ನ ಸಮಯ 58 ನಿಮಿಷದಿಂದ 55ಕ್ಕೆ ಇಳಿಯಿತು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಡೈರಿ ತಿರುವಿ ನೋಡಿದರೆ, ಅದೇ ವಾರ ಮಂಗಳವಾರದ ವೇಗದ ಓಟವನ್ನೂ ಶುರು ಮಾಡಿದ್ದೆ! ಮೂರು ನಿಮಿಷ ಉಳಿಸಿದ್ದು ಅಶ್ವಗಂಧದ ಬೇರೋ, ಮಂಗಳವಾರವೋ?

ಹಾಗಾಗಿ ಹೊಸ ಮಾತ್ರೆ ತಗೊಳ್ಳುವಾಗ ಬೇರೇನನ್ನೂ ಬದಲಾಯಿಸಬೇಡಿ. ಅದೇ ತರಬೇತಿ, ಅದೇ ನಿದ್ದೆ, ಅದೇ ಶೂ.

ಡಬ್ಬಿಯ ಮೇಲೆ 'ಸಂಶೋಧನೆಯಲ್ಲಿ ಸಾಬೀತು' ಅಂತ ಇದ್ದರೆ, ಯಾರ ಮೇಲೆ ಪರೀಕ್ಷೆ ಮಾಡಿದರು, ಯಾವುದಕ್ಕೆ ಹೋಲಿಸಿದರು ಅಂತ ಹುಡುಕಿ. ಅಶ್ವಗಂಧದ್ದೇ 2015ರ ಅಧ್ಯಯನ ನೋಡಿ. 57 ಗಂಡಸರು, 8 ವಾರ, ದಿನಕ್ಕೆ ಎರಡು ಸಲ 300 ಮಿಲಿಗ್ರಾಂ ಬೇರಿನ ಸಾರ. ಬೆಂಚ್ ಪ್ರೆಸ್‌ನಲ್ಲಿ ಎತ್ತುವ ಭಾರ 46 ಕಿಲೋ ಜಾಸ್ತಿಯಾಯಿತು. ಭಾರಿ ಅನ್ನಿಸುತ್ತೆ, ಅಲ್ವಾ? ಆದರೆ ಹುಸಿ ಮಾತ್ರೆ ನುಂಗಿದವರದೂ 26 ಕಿಲೋ ಏರಿತ್ತು. ಯಾಕೆಂದರೆ ಎಲ್ಲರೂ ಭಾರ ಎತ್ತುವುದಕ್ಕೆ ಹೆಚ್ಚುಕಮ್ಮಿ ಹೊಸಬರು. ಹೊಸಬರು ಏನು ತಿಂದರೂ ಬೆಳೆಯುತ್ತಾರೆ. ಬೇರಿನ ಪಾಲು ಉಳಿದ 20 ಕಿಲೋ ಮಾತ್ರ. ಐದು ವರ್ಷದಿಂದ ಜಿಮ್‌ಗೆ ಹೋಗುತ್ತಿರುವವರು ಅಷ್ಟನ್ನೂ ನೆಚ್ಚಿಕೊಳ್ಳಬಾರದು.

ರೋಡಿಯೋಲಾ ಅನ್ನುವ ಚಳಿ ನಾಡಿನ ಮೂಲಿಕೆಯದು ಇನ್ನೊಂದು ತಮಾಷೆ. 2004ರ ಪ್ರಯೋಗದಲ್ಲಿ ಒಂದು ಡೋಸ್ ತಗೊಂಡವರು ವ್ಯಾಯಾಮದಲ್ಲಿ ಪೂರ್ತಿ ಸುಸ್ತಾಗುವ ಮುಂಚೆ ಸುಮಾರು 24 ಸೆಕೆಂಡ್ ಹೆಚ್ಚು ತಾಳಿಕೊಂಡರು. ನಾಲ್ಕು ವಾರ ದಿನಾ ತಗೊಂಡಾಗ ಏನೂ ಇಲ್ಲ. ನೆಗ್ಗಿಲು ಮುಳ್ಳನ್ನು ರಗ್ಬಿ ಆಟಗಾರರು ಐದು ವಾರ ತಗೊಂಡರೂ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಜಿನ್ಸೆಂಗ್ ಒಂದು ಕಡೆ ಹೌದು, ಹತ್ತು ಕಡೆ ಇಲ್ಲ.

ಗಟ್ಟಿ ಪುರಾವೆ ಇರುವುದು ಮೂಲಿಕೆ ಅಂತ ಯಾರೂ ಕರೆಯದ ಎರಡಕ್ಕೆ. ಕೆಫೀನ್, ದೇಹದ ತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ, ಓಟಕ್ಕೆ ಒಂದು ಗಂಟೆ ಮೊದಲು. ಮತ್ತೆ ಬೀಟ್‌ರೂಟ್ ರಸ, ಎರಡು ಮೂರು ಗಂಟೆ ಮೊದಲು. ಅದರ ನೈಟ್ರೇಟನ್ನು ಕೆಲಸಕ್ಕೆ ಬರುವಂತೆ ಮಾಡುವುದು ನಾಲಿಗೆ ಮೇಲಿನ ಬ್ಯಾಕ್ಟೀರಿಯಾ. ರಸ ಕುಡಿಯುವ ದಿನ ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಿದರೆ ಅವು ಸತ್ತು ಕುಡಿದದ್ದು ದಂಡ. ಮರುದಿನ ಮೂತ್ರ ಕೆಂಪಗಾದರೆ ಹೆದರಬೇಡಿ, ನಾನು ಹೆದರಿದ್ದೆ.

ಸ್ಪರ್ಧಿಸುವವರಿಗೆ ಒಂದು ಎಚ್ಚರಿಕೆ. 2004ರಲ್ಲಿ ಪ್ರಕಟವಾದ ಒಂದು ದೊಡ್ಡ ತಪಾಸಣೆಯಲ್ಲಿ 634 ಪೂರಕಗಳ ಪೈಕಿ 94ರಲ್ಲಿ ಲೇಬಲ್ ಮೇಲಿಲ್ಲದ ಹಾರ್ಮೋನ್ ಪದಾರ್ಥ ಸಿಕ್ಕಿತ್ತು. ಗಿಡದಲ್ಲೇ ಇರುವ ಎಫೆಡ್ರಿನ್, ಹಿಜೆನಮೀನ್ ಕೂಡ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧ ಪಟ್ಟಿಯಲ್ಲಿವೆ. ಗೊತ್ತಿಲ್ಲದೆ ತಿಂದೆ ಅಂದರೂ ಸಿಕ್ಕಿಬಿದ್ದವರು ನೀವೇ. ಪ್ರತಿ ಬ್ಯಾಚ್ ಪರೀಕ್ಷೆಯಾದ ಗುರುತು ಇದ್ದರೆ ಮಾತ್ರ ಮುಟ್ಟಿ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಇವೆ. ಬೇರೆ ಔಷಧಿ ತಗೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಇಷ್ಟಾದ ಮೇಲೂ ಆಸೆ ಇದ್ದರೆ, ನಾನು ಮಾಡಿದಂತೆ ಮಾಡಿ. ಒಳಗಿನದು ಕಾಣದ ಬಣ್ಣದ ಖಾಲಿ ಕ್ಯಾಪ್ಸೂಲ್ ತನ್ನಿ. ನನ್ನ ತಂಗಿ ಅರ್ಧಕ್ಕೆ ಅಶ್ವಗಂಧ, ಅರ್ಧಕ್ಕೆ ಹಿಟ್ಟು ತುಂಬಿ ಎರಡು ಡಬ್ಬಿಗೆ ಹಾಕಿದಳು. ಯಾವುದರಲ್ಲಿ ಏನು ಅಂತ ಅವಳ ಚೀಟಿಯಲ್ಲಿ ಮಾತ್ರ. ಮೊದಲ ಸಲ ಮೂರನೇ ದಿನವೇ ಕೆಟ್ಟಿತು, ತೇಗಿನಲ್ಲಿ ಗುಟ್ಟು ಬಯಲಾಯಿತು! ಹೆಸರಲ್ಲೇ ಕುದುರೆ ವಾಸನೆ ಇದೆಯಲ್ಲ. ಎರಡನೇ ಸಲ ಹಿಟ್ಟಿನ ಕ್ಯಾಪ್ಸೂಲ್ ಮೇಲೂ ಚೂರು ಪುಡಿ ಸವರಿದಳು, ನಾನು ಊಟವಾದ ಕೂಡಲೇ ನುಂಗಿ ಮಲಗಿದೆ. ಒಂದು ಡಬ್ಬಿ ನಾಲ್ಕು ವಾರ, ನಡುವೆ ಎರಡು ವಾರ ಖಾಲಿ, ಇನ್ನೊಂದು ಡಬ್ಬಿ ನಾಲ್ಕು ವಾರ. ಪ್ರತಿ ಭಾನುವಾರ ಒಂದೇ ದಾರಿಯಲ್ಲಿ ಐದು ಕಿಲೋಮೀಟರ್, ಸಮಯ ಡೈರಿಗೆ.

ಕೊನೆಗೆ ಚೀಟಿ ಬಿಚ್ಚಿದೆವು. ಸರಾಸರಿ 9 ಸೆಕೆಂಡ್ ಬೇಗ ಓಡಿದ್ದು ಹಿಟ್ಟಿನ ತಿಂಗಳಲ್ಲಿ. ತಂಗಿ ಇವತ್ತಿಗೂ ನಗುತ್ತಾಳೆ.