ಮಾತ್ರೆಗೆ ಮುಂಚೆ ಕಾಯುವ ಕೆಲಸ

ಹೆರಾಯಿನ್ ಥರದ ಚಟ ಬಿಡಿಸಲು ಕೊಡುವ ಬ್ಯೂಪ್ರೆನಾರ್ಫಿನ್ ಮಾತ್ರೆ ಕೊಡಲು ಶುರು ಮಾಡಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ಹೆರಾಯಿನ್ ಬಿಡಬೇಕೆಂದು ಬಂದಿದ್ದ ಹುಡುಗ. ಕೊನೆಯ ಸಲ ತಗೊಂಡು ಐದಾರು ಗಂಟೆಯಾಗಿತ್ತು, ಅಷ್ಟೇ. ಅವನ ಚಡಪಡಿಕೆ ನೋಡಲಾಗದೆ ನಾಲಿಗೆಯಡಿ ಮಾತ್ರೆ ಇಡಿಸಿಬಿಟ್ಟೆ. ಒಂದು ಗಂಟೆಯೊಳಗೆ ಮೈಯೆಲ್ಲ ರೋಮ ಎದ್ದು ನಿಂತವು. ಮೂಗು ಸೋರಿತು, ವಾಂತಿ ಹಿಡಿಯಿತು. "ಏನ್ ಕೊಟ್ರಿ ಡಾಕ್ಟ್ರೇ?" ಎಂದು ಹೊಟ್ಟೆ ಹಿಡಿದುಕೊಂಡು ಕೇಳಿದ.

ಕಾರಣ ನನಗೆ ಗೊತ್ತಿತ್ತು, ಅದೇ ಹೆಚ್ಚು ನೋಯಿಸಿತು. ಮೆದುಳಿನ ಜೀವಕೋಶಗಳ ಮೇಲೆ ಓಪಿಯಾಯ್ಡ್, ಅಂದರೆ ಹೆರಾಯಿನ್ ಥರದ ಅಫೀಮು ಜಾತಿಯ ವಸ್ತು, ಹೋಗಿ ಕೂರುವ ರಿಸೆಪ್ಟರ್‌ಗಳಿವೆ. ಅವು ಇರುವುದು ಪ್ರಯೋಗದಲ್ಲಿ ಖಚಿತವಾದದ್ದು 1973ರಲ್ಲಿ. 1975ರಲ್ಲಿ ದೇಹವೇ ತಯಾರಿಸುವ ಎನ್‌ಕೆಫಲಿನ್ ಸಿಕ್ಕಿತು. ಅಂದರೆ ಆ ಜಾಗ ನಮ್ಮದೇ ರಾಸಾಯನಿಕಕ್ಕೆ ಇರುವುದು. ಹೆರಾಯಿನ್ ಅಲ್ಲಿ ಬಂದು ಕೂರುತ್ತದೆ. ಬ್ಯೂಪ್ರೆನಾರ್ಫಿನ್ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಹೆರಾಯಿನ್ ಇನ್ನೂ ಕೂತಿರುವಾಗಲೇ ಕೊಟ್ಟರೆ ಅದನ್ನು ಎಬ್ಬಿಸಿ ಓಡಿಸುತ್ತದೆ. ಹೆರಾಯಿನ್ ಬಿಟ್ಟಾಗ ದಿನಗಟ್ಟಲೆ ನಿಧಾನವಾಗಿ ಬರಬೇಕಾದ ಕಷ್ಟ ಒಮ್ಮೆಲೇ ಮೈಮೇಲೆ ಬೀಳುತ್ತದೆ.

ಈಗ ನಾನು ಕಾಯುತ್ತೇನೆ. ಹೆರಾಯಿನ್ ಆದರೆ ಕನಿಷ್ಠ 12 ಗಂಟೆ. ಹೆಚ್ಚು ಹೊತ್ತು ಉಳಿಯುವ ಇನ್ನೊಂದು ಓಪಿಯಾಯ್ಡ್ ಮೆಥಡೋನ್ ಆದರೆ ಒಂದು ದಿನಕ್ಕೂ ಜಾಸ್ತಿ. ಫೆಂಟನಿಲ್ ಎಂಬ ತೀರಾ ಪ್ರಬಲ ಓಪಿಯಾಯ್ಡ್ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ, ಹಾಗಾಗಿ ಅಲ್ಲಿ ಬರೀ ಗಡಿಯಾರ ನಂಬುವುದಿಲ್ಲ. ಕಣ್ಣುಪಾಪೆ ಹಿಗ್ಗಿದೆಯಾ, ಆಕಳಿಕೆ ಬರ್ತಿದೆಯಾ, ನಾಡಿ ಎಷ್ಟು, ಚಾಚಿದ ಕೈ ನಡುಗುತ್ತಾ? ಹಳೆಯ ವಸ್ತು ಇಳಿಯುತ್ತಿದೆ ಎಂದು ತೋರಿಸುವ ಇಂಥ ಒಂದೊಂದು ಲಕ್ಷಣಕ್ಕೂ ಅಂಕ ಹಾಕುತ್ತೇನೆ. ಒಟ್ಟು 12 ದಾಟಿದ ಮೇಲೆ 2 ಅಥವಾ 4 ಮಿಲಿಗ್ರಾಂನಿಂದ ಶುರು.

ಕಾಯುವ ಆ ಹೊತ್ತು ಸುಮ್ನೆ ನರಳಿಸುವುದಿಲ್ಲ. ಮೆದುಳಿನ ಬುಡದಲ್ಲಿರುವ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಭಾಗವನ್ನು ಓಪಿಯಾಯ್ಡ್ ಅದುಮಿಟ್ಟಿರುತ್ತದೆ. ಬಿಟ್ಟ ಕೂಡಲೇ ಅಲ್ಲಿಂದ ನಾರ್‌ಅಡ್ರಿನಲಿನ್ ಎಂಬ, ಮೈಯನ್ನು ಉದ್ರೇಕಿಸುವ ರಾಸಾಯನಿಕ ಉಕ್ಕುತ್ತದೆ. ಬೆವರು, ಎದೆಬಡಿತ ಹೆಚ್ಚಾಗುವುದು ಅದರಿಂದಲೇ. ಬಿಪಿ ನೋಡಿಕೊಂಡು ಆ ಉಕ್ಕನ್ನು ತಗ್ಗಿಸುವ ಕ್ಲೋನಿಡಿನ್ ಔಷಧಿ ಕೊಟ್ಟರೆ ತಡೆದುಕೊಳ್ಳಬಹುದು.

ಮನೆಯವರದ್ದು ಬೇರೆಯೇ ಪ್ರಶ್ನೆ. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ ಹಾಗಲ್ವಾ?" ಅಲ್ಲ. ಈ ಮಾತ್ರೆಯ ಏರಿಳಿತ ಕಡಿಮೆ, ಡೋಸ್ ಏರಿಸಿದರೂ ಒಂದು ಮಟ್ಟದ ನಂತರ ಉಸಿರಾಟವನ್ನು ಕುಗ್ಗಿಸುವ ಪರಿಣಾಮ ಹೆಚ್ಚುವುದಿಲ್ಲ. ಜೊತೆಗೆ ಕುಡಿತ, ನಿದ್ದೆಮಾತ್ರೆ ಬೇಡ ಎಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅವಸರಪಟ್ಟು ಮಾತ್ರೆ ನಿಲ್ಲಿಸಿದರೆ ನನಗೆ ನಿಜಕ್ಕೂ ಭಯ. ಅಷ್ಟರಲ್ಲಿ ದೇಹಕ್ಕೆ ತಡೆಯುವ ಶಕ್ತಿ ಇಳಿದಿರುತ್ತದೆ. ಹೆರಾಯಿನ್ ಅನ್ನು ಹಳೆಯ ಪ್ರಮಾಣದಲ್ಲೇ ಮತ್ತೆ ತಗೊಂಡರೆ ಉಸಿರು ನಿಂತುಹೋಗಬಹುದು.

ಆ ಹುಡುಗ ಮೂರು ವಾರದ ನಂತರ ಮತ್ತೆ ಬಂದ. ಕ್ಷಮೆ ಕೇಳಿದೆ. 14 ಗಂಟೆ ಕಾದೆವು. ಮಾತ್ರೆ ಕರಗಿ ಅರ್ಧ ಗಂಟೆಯಾದ ಮೇಲೆ ಅವನ ಕಾಲಿನ ಕುಣಿತ ನಿಂತಿತು. ಕುರ್ಚಿಯಲ್ಲೇ ನಿದ್ದೆ ಹೋದ.