ಎಂಟು ಸಾವಿರ ರೂಪಾಯಿಯಲ್ಲಿ ಡೈಪೋಲ್ ಮೊಮೆಂಟ್ ಅಳೆದ ನನ್ನ ಅನುಭವ

ಅಣುವಿನಲ್ಲಿ ಧನ ಮತ್ತು ಋಣ ವಿದ್ಯುದಾವೇಶಗಳು ಎಷ್ಟು ಬೇರ್ಪಟ್ಟಿವೆ ಎಂಬುದರ ಅಳತೆಯೇ ಡೈಪೋಲ್ ಮೊಮೆಂಟ್. ಅದನ್ನು ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕದೊಂದಿಗೆ (ಫಲಕಗಳ ನಡುವೆ ತುಂಬಿದ ವಸ್ತು ಅವುಗಳ ಆವೇಶ ಹಿಡಿಯುವ ಸಾಮರ್ಥ್ಯವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ) ಜೋಡಿಸಿ ವಿಜ್ಞಾನಿ ಪೀಟರ್ ಡೀಬೈ 1912ರಲ್ಲಿ ಕೊಟ್ಟ ಸಮೀಕರಣವನ್ನು ಪ್ರತಿವರ್ಷ ಎಂ.ಎಸ್ಸಿ. ವಿದ್ಯಾರ್ಥಿಗಳಿಂದ ಬರೆಸುವ ನಾವು ಅದರಿಂದ ಒಂದು ಅಂಕಿಯನ್ನಾದರೂ ನಮ್ಮದೇ ಪ್ರಯೋಗಾಲಯದಲ್ಲಿ ಪಡೆಯಬೇಕೆಂದು ನಾನು ಪಟ್ಟು ಹಿಡಿದಾಗ, ಆಮದು ಯಂತ್ರವಿಲ್ಲದೆ ಅದು ಆಗದೆಂದವರೇ ಹೆಚ್ಚು. ಆ ಯಂತ್ರದ ಬೆಲೆ ಲಕ್ಷಗಳಲ್ಲಿತ್ತು. ನನ್ನ ಉಪಕರಣಕ್ಕೆ ತಗುಲಿದ್ದು ಎಂಟು ಸಾವಿರದ ಆಸುಪಾಸು, ಮತ್ತು ಕ್ಲೋರೋಬೆಂಜೀನಿಗೆ ಅದು ಕೊಟ್ಟ ಉತ್ತರ 1.6 ಡೀಬೈಗೆ (ಡೈಪೋಲ್ ಮೊಮೆಂಟಿನ ಏಕಮಾನ) ಹತ್ತಿರ. ದ್ರಾವಣದಲ್ಲಿ ಅಳೆದ ಬೆಲೆಯೆಂದು ಗ್ರಂಥಗಳು ಕೊಡುವುದೂ ಅಷ್ಟನ್ನೇ.

ಅಳತೆಯ ಕೋಶವೆಂದರೆ ಟೆಫ್ಲಾನ್ ಬಿಲ್ಲೆಗಳ ಮೇಲೆ ಒಂದರೊಳಗೊಂದು ನಿಂತ ಎರಡು ಹಿತ್ತಾಳೆಯ ಕೊಳವೆಗಳು. ಖಾಲಿ ಇದ್ದಾಗ ಅದರ ಧಾರಕತೆ, ಅಂದರೆ ಆವೇಶ ಹಿಡಿಯುವ ಸಾಮರ್ಥ್ಯ, ಸುಮಾರು 25 ಪಿಕೋಫ್ಯಾರಡ್. ಲೇತ್ ಕೆಲಸಕ್ಕೆ ಎರಡೂವರೆ ಸಾವಿರ ಹೋಯಿತು. ಒಂದು ಮೆಗಾಹರ್ಟ್ಸ್ ಆಂದೋಲಕದ ಬಿಡಿಭಾಗಗಳನ್ನೂ ಬಳಸಿದ ಫ್ರೀಕ್ವೆನ್ಸಿ ಕೌಂಟರನ್ನೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ಕೋಶಕ್ಕೆ ದ್ರವ ತುಂಬಿದಾಗ ಧಾರಕತೆ ಏರಿ ಆಂದೋಲಕದ ಕಂಪನಾಂಕ ಇಳಿಯುತ್ತದೆ; ಆ ಇಳಿತದಿಂದಲೇ ಡೈಎಲೆಕ್ಟ್ರಿಕ್ ಸ್ಥಿರಾಂಕ ಸಿಗುತ್ತದೆ.

ತಿಂಗಳುಗಟ್ಟಲೆ ಕಾಡಿದ್ದು ಕಂಪನಾಂಕದ ಅಲೆದಾಟ. ಧ್ರುವತೆಯಿಲ್ಲದ ದ್ರಾವಕವಾದ ಸೈಕ್ಲೋಹೆಕ್ಸೇನಿನಲ್ಲಿ ಶೇಕಡಾ ಒಂದು ಮೋಲ್ ಕ್ಲೋರೋಬೆಂಜೀನ್ ಬೆರೆಸಿದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಏರುವುದು 0.03ರಷ್ಟು, ನನ್ನ ಸಲಕರಣೆಯಲ್ಲಿ ಅದು ಒಂದೂವರೆ ಸಾವಿರ ಹರ್ಟ್ಸಿಗೂ ಕಡಿಮೆ. ಪಿ.ವಿ.ಸಿ. ಕೊಳವೆಯ ಮೇಲೆ ಸುತ್ತಿದ ಆಂದೋಲಕದ ತಂತಿಸುರುಳಿಯಿಂದಾಗಿ ಕಂಪನಾಂಕವೋ ಅರ್ಧ ಗಂಟೆಯಲ್ಲಿ ನೂರಾರು ಹರ್ಟ್ಸ್ ಸರಿಯುತ್ತಿತ್ತು. ಪಿಂಗಾಣಿಯ ಮೇಲೆ ಸುತ್ತಿದ ಮೇಲೆ ಅದು ಹತೋಟಿಗೆ ಬಂತು. ಸುರುಳಿಯನ್ನು ಬಿಗಿಯಾಗಿ ಕೂರಿಸಲು ನಾನು ಹಚ್ಚುವ ಲೇಪ ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆಮೇಲೆ ಉಳಿದದ್ದು ಉಷ್ಣತೆ ಮತ್ತು ನೀರು. ಅರ್ಧ ಡಿಗ್ರಿ ಏರುಪೇರಾದರೆ ಸಾಕು, ಆ 0.03ರಲ್ಲಿ ಶೇಕಡಾ ಮೂರರಷ್ಟು ಕೊಚ್ಚಿಹೋಗುತ್ತದೆ. ಮೀನಿನ ತೊಟ್ಟಿಯ ಪಂಪನ್ನು ಹಾಕಿ ನೀರಿನ ತೊಟ್ಟಿಯನ್ನು 25 ಡಿಗ್ರಿಯಲ್ಲಿ ನಿಲ್ಲಿಸಿದೆ. ಮಳೆಗಾಲದಲ್ಲಿ ಶುದ್ಧ ಸೈಕ್ಲೋಹೆಕ್ಸೇನಿನ ಸ್ಥಿರಾಂಕವೇ 2.02ನ್ನು ದಾಟಿ ಹೋಗುತ್ತಿದ್ದುದರಿಂದ ಅದನ್ನು ಸೋಡಿಯಂ ತಂತಿಯ ಮೇಲಿಟ್ಟು ಬಟ್ಟಿಯಿಳಿಸುವುದು ಕಡ್ಡಾಯವಾಯಿತು. ಕ್ಲೋರೋಬೆಂಜೀನಿನ ಹತ್ತಿರ ಮಾತ್ರ ಸೋಡಿಯಂ ಸುಳಿಯಬಾರದು; ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡೇ ಸರಿ. ಬೆಂಜೀನನ್ನು ದ್ರಾವಕವಾಗಿ ಬಳಸಬೇಡಿ, ಅದು ಕ್ಯಾನ್ಸರ್‌ಕಾರಕ.

ನಡುವೆ ಕುತೂಹಲಕ್ಕೆಂದು ಅಂಗಡಿಯಿಂದ ತಂದ ಶೌಚಾಲಯದ ಗುಳಿಗೆಗಳಿಂದ ಪ್ಯಾರಾ-ಡೈಕ್ಲೋರೋಬೆಂಜೀನನ್ನು ಆಲ್ಕೋಹಾಲಿನಲ್ಲಿ ಮರುಸ್ಫಟಿಕೀಕರಿಸಿ ಅಳೆದೆ. ಎದುರುಬದುರಿನ ಎರಡು ಕಾರ್ಬನ್-ಕ್ಲೋರಿನ್ ಬಂಧಗಳ ಧ್ರುವತೆ ಒಂದನ್ನೊಂದು ಅಳಿಸುವ ಆ ಅಣುವಿಗೆ ಸೊನ್ನೆಯೇ ಬರಬೇಕು. ನನ್ನ ಅಳತೆಯಲ್ಲೂ ಸೊನ್ನೆಯಿಂದ ಬೇರ್ಪಡಿಸಲಾಗದ ಬೆಲೆಯೇ ಬಂತು. ಸಂದೇಹಪಟ್ಟವರು ಒಪ್ಪಿದ್ದು ಇದನ್ನು ಕಂಡ ಮೇಲೆ. ಎರಡು ಕ್ಲೋರಿನ್‌ಗಳು ಪಕ್ಕಪಕ್ಕದಲ್ಲಿರುವ ಆರ್ಥೋ ರೂಪ ಇನ್ನೂ ಸ್ವಾರಸ್ಯಕರ: 60 ಡಿಗ್ರಿ ಕೋನದ ಸರಳ ಸದಿಶ ಸಂಕಲನ (ದಿಕ್ಕನ್ನೂ ಲೆಕ್ಕಿಸುವ ಕೂಡಿಕೆ) 2.8ರ ಹತ್ತಿರ ಎನ್ನುತ್ತದೆ, ನನಗೆ ಸಿಕ್ಕಿದ್ದು 2.3ರ ಸುತ್ತಮುತ್ತ. ನೆರೆಯ ಕ್ಲೋರಿನ್‌ಗಳು ಪರಸ್ಪರ ಪ್ರೇರಣೆಯಿಂದ ಒಂದರ ಧ್ರುವತೆಯನ್ನೊಂದು ತಗ್ಗಿಸುವುದು ಹೀಗೆ ಕಣ್ಣೆದುರೇ ಅಂಕಿಯಾಗಿ ಬಂದಾಗ ನನಗಾದ ಸಂತೋಷ ದೊಡ್ಡದು.

1940ರ ದಶಕದಲ್ಲೇ, ಟ್ರಾನ್ಸಿಸ್ಟರ್ ಕೈಗೆಟುಕದ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಟ್ಕರ್ ಅವರು ಡೈಪೋಲ್ ಮೊಮೆಂಟ್ ಕುರಿತು ಕೆಲಸ ಮಾಡಿದ್ದರು ಎಂಬುದನ್ನು ಇದು ಆಗದೆನ್ನುವವರಿಗೆ ನಾನು ನೆನಪಿಸುತ್ತಿರುತ್ತೇನೆ.

ಮುಂದಿನ ಸರದಿ ನೈಟ್ರೋಬೆಂಜೀನಿನದು. ಅದರ ಬೆಲೆ 4 ಡೀಬೈಯಷ್ಟಿರುವುದರಿಂದ ದ್ರಾವಣವನ್ನು ಇನ್ನೂ ತೆಳುವಾಗಿಸಬೇಕು, ಅದಕ್ಕೆ ಮೊದಲು ತೂಕದ ತಕ್ಕಡಿಯನ್ನು ಸರಿಪಡಿಸಿಕೊಳ್ಳಬೇಕು.