ನಡುದಾರಿಯ ಒಂದು ರಾತ್ರಿ: ಲೇಓವರ್‌ಗೆ ಮನೆಯಲ್ಲೇ ಸಿದ್ಧರಾಗುವುದು ಹೇಗೆ?

ಹಾಸನದ ನಮ್ಮ ಬಡಾವಣೆಯಲ್ಲಿ ಹೊರದೇಶದಲ್ಲಿ ಮಕ್ಕಳಿರುವ ಮನೆಗಳು ಹಲವು. ಮಗಳ ಬಾಣಂತನಕ್ಕೆ ಮೆಲ್ಬರ್ನ್‌ಗೆ, ಮೊಮ್ಮಗನ ನಾಮಕರಣಕ್ಕೆ ಸಿಡ್ನಿಗೆ ಹೊರಟವರು ಟಿಕೆಟ್ ಹಿಡಿದು ನನ್ನಲ್ಲಿಗೆ ಬರುತ್ತಾರೆ. ಅಕ್ಕನ ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ನಾನು ಆ ದಾರಿಯಲ್ಲಿ ಹೋಗಿಬಂದಿದ್ದೇನೆ. ಮೊನ್ನೆ ಬಂದ ಪಕ್ಕದ ಮನೆಯ ಚಿಕ್ಕಮ್ಮ ಟಿಕೆಟ್‌ನ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: ‘ಕ್ವಾಲಾಲಂಪುರದಲ್ಲಿ ಹದಿನಾರು ಗಂಟೆ ಬಿಡುವಿದೆ ನೋಡಮ್ಮ. ರಾತ್ರಿಯೇ ಬಟು ಗುಹೆಯ ಮುರುಗನ ದರ್ಶನ ಮಾಡಿಕೊಂಡು ಬರಬಹುದಲ್ಲ?’

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಲೇಓವರ್‌ನಲ್ಲಿ, ಎಂದರೆ ಎರಡು ವಿಮಾನಗಳ ನಡುವಿನ ಬಿಡುವಿನಲ್ಲಿ, ಗೊತ್ತಿಲ್ಲದ ಊರಿನಲ್ಲಿ ಒಂದು ರಾತ್ರಿ ಕಳೆಯುವುದಕ್ಕೆ ಹೆದರಬೇಕಾಗಿಲ್ಲ. ಆದರೆ ಆ ರಾತ್ರಿಯ ಮುಕ್ಕಾಲು ಕೆಲಸ ಹಾಸನದಲ್ಲೇ, ಕಾಗದ ಪೆನ್ನು ಹಿಡಿದು ಕುಳಿತಾಗಲೇ ಮುಗಿಯಬೇಕು.

ಮೊದಲು ಗಂಟೆಗಳ ಲೆಕ್ಕ

ಚಿಕ್ಕಮ್ಮನ ಟಿಕೆಟ್ಟನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಬೆಳಿಗ್ಗೆ 11ಕ್ಕೆ ಹೊರಟು ಅಲ್ಲಿನ ಸಂಜೆ 5.30ಕ್ಕೆ ಇಳಿಯುವುದು. ಮುಂದಿನ ವಿಮಾನ ಮರುದಿನ ಬೆಳಿಗ್ಗೆ 9.30ಕ್ಕೆ. ಬರೆದರೆ 16 ಗಂಟೆ. ಈಗ ಕಳೆಯುತ್ತಾ ಬನ್ನಿ.

ವಿಮಾನದಿಂದ ಇಳಿದು, ಉದ್ದದ ಓಣಿಗಳನ್ನು ದಾಟಿ, ಪಾಸ್‌ಪೋರ್ಟ್ ನೋಡಿ ದೇಶದೊಳಗೆ ಬಿಡುವ ವಲಸೆ ವಿಭಾಗದ ಸಾಲಿನಲ್ಲಿ ನಿಂತು ಹೊರಬರಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಊರಿನ ನಡುವಿನ ಕೆಎಲ್ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಟರ್ಮಿನಲ್ 1ರಿಂದ 28 ನಿಮಿಷ, ಟರ್ಮಿನಲ್ 2ರಿಂದ 33 ನಿಮಿಷ. ರೈಲಿಗೆ ಕಾಯುವುದು, ಹೋಟೆಲ್ ಹುಡುಕುವುದು ಎಲ್ಲ ಸೇರಿ ರೂಮಿನ ಬಾಗಿಲು ತೆರೆಯುವಾಗ ರಾತ್ರಿ 8.15. ಇನ್ನು ಬೆಳಗಿನ ಕಡೆಯಿಂದ ಹಿಂದಕ್ಕೆ ಎಣಿಸಿ. 9.30ರ ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು, ಅಂದರೆ 6.30ಕ್ಕೆ ನಿಲ್ದಾಣದಲ್ಲಿರಬೇಕು. ಅದಕ್ಕೆ 4.30ಕ್ಕೆ ಏಳಬೇಕು. ನಡುವೆ ಉಳಿದದ್ದು ಎಂಟೂಕಾಲು ಗಂಟೆ. ಆರು ಗಂಟೆ ನಿದ್ದೆಗೆ ಬಿಟ್ಟರೆ ಊರಿಗೆಂದು ಉಳಿಯುವುದು ಎರಡು ಗಂಟೆ ಮಾತ್ರ.

ಹಾಸನದವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ದೇವನಹಳ್ಳಿಯ ನಿಲ್ದಾಣ ನಮಗೆ ಇನ್ನೂರು ಕಿಲೋಮೀಟರ್ ಆಸುಪಾಸಿನ ದಾರಿ. 8 ಗಂಟೆಗೆ ಅಲ್ಲಿರಬೇಕಾದರೆ, ನೆಲಮಂಗಲದ ವಾಹನ ಸಂದಣಿಯನ್ನೂ ಸೇರಿಸಿ, 3 ಗಂಟೆಗೇ ಮನೆ ಬಿಡಬೇಕು. ಎಂದರೆ 2ಕ್ಕೆ ಎದ್ದಿರುತ್ತೀರಿ. ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ 4.30ಕ್ಕೆ ಅಲಾರಂ ಹೊಡೆದಾಗ ನಿಮ್ಮ ಮೈ ಹಾಸನದ ಬೆಳಗಿನ ಜಾವ 2 ಗಂಟೆಯಲ್ಲೇ ಇರುತ್ತದೆ. ಸತತ ಎರಡು ದಿನ ಎರಡು ಗಂಟೆಗೆ ಏಳುವ ಅರವತ್ತು ದಾಟಿದವರನ್ನು ಆ ರಾತ್ರಿ ಊರು ಸುತ್ತಿಸುವುದು ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸಿಂಗಪುರ, ಹಾಂಗ್‌ಕಾಂಗ್‌ಗಳಿಗೂ ಇದೇ ಎರಡೂವರೆ ಗಂಟೆ. ಬ್ಯಾಂಕಾಕ್ ಒಂದೂವರೆ ಗಂಟೆ ಮುಂದೆ, ಟೋಕಿಯೊ ಮೂರೂವರೆ. ಕೊಲಂಬೊದಲ್ಲಿ ಗಡಿಯಾರ ಮುಟ್ಟಬೇಕಾಗಿಲ್ಲ.

ಟಿಕೆಟ್ ಒಂದೋ, ಎರಡೋ?

ಎರಡೂ ವಿಮಾನಗಳು ಒಂದೇ ಬುಕಿಂಗ್ ಸಂಖ್ಯೆಯಲ್ಲಿದ್ದರೆ ಸಾಮಾನ್ಯವಾಗಿ ದೊಡ್ಡ ಪೆಟ್ಟಿಗೆ ನೇರ ಕೊನೆಯ ಊರಿಗೆ ಹೋಗುತ್ತದೆ. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆಯೂ ಸಂಸ್ಥೆಯದು. ಹಣ ಉಳಿಯಲೆಂದು ಬೇರೆ ಬೇರೆ ಸಂಸ್ಥೆಗಳ ಎರಡು ಟಿಕೆಟ್ ಕೊಂಡಿದ್ದರೆ ಆ ಹೊಣೆ ಯಾರದೂ ಅಲ್ಲ. ನೀವೇ ವಲಸೆ ವಿಭಾಗ ದಾಟಿ ಹೊರಬಂದು, ಪೆಟ್ಟಿಗೆ ಎಳೆದುಕೊಂಡು ಮತ್ತೆ ಕೌಂಟರಿಗೆ ಕೊಡಬೇಕು. ಆಗ ಆ ದೇಶವನ್ನು ಪ್ರವೇಶಿಸುವ ಅನುಮತಿಯೂ ಬೇಕೇ ಬೇಕು. ವಯಸ್ಸಾದವರಿಗೆ ಎರಡು ಟಿಕೆಟ್‌ನ ಉಳಿತಾಯ ನನಗೆ ಸರಿಕಾಣುವುದಿಲ್ಲ.

ಬೆಂಗಳೂರಿನ ಕೌಂಟರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಪಟ್ಟಿಯನ್ನು ನಿಂತು ಓದಿ. ಅದರ ಮೇಲೆ ದಪ್ಪಕ್ಷರದಲ್ಲಿ ಮೂರು ಅಕ್ಷರದ ಸಂಕೇತವಿರುತ್ತದೆ. ಮೆಲ್ಬರ್ನ್ ಆದರೆ ಎಂ-ಇ-ಎಲ್, ಕ್ವಾಲಾಲಂಪುರ ಆದರೆ ಕೆ-ಯು-ಎಲ್. ‘ರಾತ್ರಿ ಉಳಿಯುತ್ತೇವೆ, ಪೆಟ್ಟಿಗೆ ಎಲ್ಲಿ ಸಿಗುತ್ತದೆ?’ ಎಂದು ಬಾಯಿಬಿಟ್ಟು ಕೇಳಿ. ಬಿಡುವು ಉದ್ದವಾದಾಗ ಹೋಟೆಲ್ ಕೊಡುವ ವಿಮಾನ ಸಂಸ್ಥೆಗಳೂ ಇವೆ. ಅದನ್ನು ಪ್ರಯಾಣಕ್ಕೆ ಮೊದಲೇ ವಿಚಾರಿಸಿ.

ಇಳಿಯುವ ನಿಲ್ದಾಣ, ಹತ್ತುವ ನಿಲ್ದಾಣ ಒಂದೇ ಎಂಬುದನ್ನೂ ನೋಡಿಕೊಳ್ಳಿ. ಬ್ಯಾಂಕಾಕ್‌ಗೆ ಸುವರ್ಣಭೂಮಿ ಮತ್ತು ಡಾನ್ ಮುವಾಂಗ್ ಎಂದು ಎರಡಿವೆ. ಟೋಕಿಯೊಗೆ ನರಿತಾ, ಹನೇಡಾ. ಎರಡರ ನಡುವೆ ಇಡೀ ಊರು ಇರುತ್ತದೆ.

ಹೊರಗೆ ಕಾಲಿಡಲು ಅನುಮತಿ

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ವಿನಾಯಿತಿ ಕೊಟ್ಟಿದೆ. ಇದು ಕಾಲಮಿತಿಯ ವಿನಾಯಿತಿಯಾದ್ದರಿಂದ ಟಿಕೆಟ್ ಕೊಳ್ಳುವಾಗ ಒಮ್ಮೆ, ಹೊರಡುವ ವಾರ ಮತ್ತೊಮ್ಮೆ ಅಲ್ಲಿನ ವಲಸೆ ಇಲಾಖೆಯ ಜಾಲತಾಣ ನೋಡಿ. ಇಳಿಯುವ ಮುನ್ನಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಸಿಂಗಪುರದ್ದೂ ಹೀಗೆಯೇ, ಮೂರು ದಿನ. ಥಾಯ್ಲೆಂಡ್ 2025ರ ಮೇ 1ರಿಂದ ಇಂಥದ್ದೇ ಕಾರ್ಡನ್ನು ಕಡ್ಡಾಯ ಮಾಡಿದೆ. ಮೂರೂ ಉಚಿತ. ಹಣ ಕೇಳುವ ಪುಟ ತೆರೆದುಕೊಂಡರೆ ನೀವು ಸರ್ಕಾರದ ಜಾಲತಾಣದಲ್ಲಿಲ್ಲ ಎಂದರ್ಥ, ಮುಚ್ಚಿಬಿಡಿ.

ಸಿಂಗಪುರಕ್ಕೆ ನಮಗೆ ವೀಸಾ ಬೇಕು. ಆದರೆ ಮೂರನೆಯ ದೇಶಕ್ಕೆ ಹೋಗಿಬರುವ ದಾರಿಯಲ್ಲಿದ್ದು, ಆಸ್ಟ್ರೇಲಿಯ, ಅಮೆರಿಕ, ಬ್ರಿಟನ್ ಮೊದಲಾದ ಕೆಲವು ದೇಶಗಳ ಊರ್ಜಿತ ವೀಸಾ ಇದ್ದವರಿಗೆ 96 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯವಿದೆ. ಬಿಡುವುದೋ ಬೇಡವೋ ಎಂಬುದು ಅಲ್ಲಿನ ಅಧಿಕಾರಿಯ ವಿವೇಚನೆ. ಮುಂದಿನ ಟಿಕೆಟ್ ಮತ್ತು ವೀಸಾ ಪತ್ರದ ಮುದ್ರಿತ ಪ್ರತಿ ಕೈಯಲ್ಲಿರಲಿ. ಹಾಂಗ್‌ಕಾಂಗ್‌ನಲ್ಲಿ ಹೊರಹೋಗಲು ಮುಂಚಿತವಾಗಿ ಆನ್‌ಲೈನ್ ನೋಂದಣಿ ಮಾಡಿಕೊಂಡಿರಬೇಕು.

ಮಲಗುವ ಜಾಗ ಮತ್ತು ತಾರೀಖು

ಮೂರು ದಾರಿಗಳಿವೆ: ವಲಸೆ ವಿಭಾಗ ದಾಟದೆ ನಿಲ್ದಾಣದೊಳಗಿನ ಟ್ರಾನ್ಸಿಟ್ ಹೋಟೆಲ್, ದಾಟಿದ ಮೇಲೆ ನಿಲ್ದಾಣಕ್ಕೆ ಅಂಟಿಕೊಂಡ ಹೋಟೆಲ್, ಊರೊಳಗಿನ ಹೋಟೆಲ್. ಒಳಗಿನದಕ್ಕೆ ವೀಸಾ ಬೇಡ, ಕೆಲವು ಗಂಟೆಗಳ ಲೆಕ್ಕದಲ್ಲೂ ಸಿಗುತ್ತದೆ. ಬಿಡುವು ಹನ್ನೆರಡು ಗಂಟೆಗಿಂತ ಕಡಿಮೆಯಿದ್ದರೆ, ಮಧ್ಯರಾತ್ರಿ ಇಳಿಯುವುದಾದರೆ, ನಾನು ಇದನ್ನೇ ಹೇಳುತ್ತೇನೆ. ಕಾದಿರಿಸುವಾಗ ಹೋಟೆಲ್ ವಲಸೆ ವಿಭಾಗದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ 2019ರಲ್ಲಿ ತೆರೆದ ‘ಜ್ಯೂಯೆಲ್’ ಮಳಿಗೆ ಸಂಕೀರ್ಣದ 40 ಮೀಟರ್ ಎತ್ತರದ ಒಳಾಂಗಣ ಜಲಪಾತವನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿರುತ್ತಾರೆ. ಅದು ಇರುವುದು ಹೊರಗೆ. ಪ್ರವೇಶಾನುಮತಿ ಇಲ್ಲದೆ ಅದರ ಬುಡಕ್ಕೆ ಹೋಗುವಂತಿಲ್ಲ.

ಇನ್ನು ತಾರೀಖು. ಇದನ್ನು ದಯವಿಟ್ಟು ಎರಡು ಸಲ ಓದಿ. ನಾನೂ ಅಮ್ಮನೂ ಹೋದಾಗ ನಮ್ಮ ವಿಮಾನ ರಾತ್ರಿ 12.40ಕ್ಕೆ ಇಳಿಯುವುದಿತ್ತು. ಟಿಕೆಟ್‌ನಲ್ಲಿ 14ನೇ ತಾರೀಖು ಎಂದಿತ್ತು. ನಾನು ರೂಮನ್ನೂ 14ಕ್ಕೇ ಕಾದಿರಿಸಿದೆ. ರಿಸೆಪ್ಷನ್‌ನ ಹುಡುಗ ಕಂಪ್ಯೂಟರ್ ನೋಡಿ, ‘ನಿಮ್ಮ ರೂಮು ಇಂದು ಮಧ್ಯಾಹ್ನ 2 ಗಂಟೆಯಿಂದ’ ಎಂದ. ಹೋಟೆಲ್‌ನ ದಿನ ಶುರುವಾಗುವುದು ಮಧ್ಯಾಹ್ನ. 14ರ ನಸುಕು ಅವರ ಪಾಲಿಗೆ 13ರ ರಾತ್ರಿ. ಅಮ್ಮ ಸೋಫಾದ ಅಂಚಿನಲ್ಲಿ ಕುಳಿತು, ಚಪ್ಪಲಿಯಿಂದ ಕಾಲು ತೆಗೆದು, ಮಂಡಿ ನೀವಿಕೊಳ್ಳುತ್ತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಇನ್ನೊಂದು ರೂಮಿಗೆ ಮತ್ತೆ ಹಣ ಕೊಟ್ಟು ಅವರನ್ನು ಮಲಗಿಸುವಾಗ ಮೂರು ಗಂಟೆ. ಮಧ್ಯರಾತ್ರಿ ದಾಟಿ ಇಳಿಯುವವರು ಹಿಂದಿನ ದಿನದ ತಾರೀಖಿಗೆ ರೂಮು ಹಿಡಿಯಬೇಕು, ‘ತಡರಾತ್ರಿ ಬರುತ್ತೇವೆ’ ಎಂದು ಹೋಟೆಲ್‌ಗೆ ಬರೆದು ತಿಳಿಸಬೇಕು.

ಮಲೇಷ್ಯಾದಲ್ಲಿ ವಿದೇಶಿಯರಿಂದ ಒಂದು ರೂಮಿಗೆ ಒಂದು ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಪಡೆಯುತ್ತಾರೆ. ಆನ್‌ಲೈನ್‌ನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ಕೌಂಟರಿನಲ್ಲಿ ಕೇಳಿದರೆ ಗಾಬರಿಯಾಗಬೇಡಿ.

ಕೈಚೀಲದಲ್ಲಿ ಏನಿರಬೇಕು

ದೊಡ್ಡ ಪೆಟ್ಟಿಗೆ ನೇರ ಮೆಲ್ಬರ್ನ್‌ಗೆ ಹೋದರೆ ಆ ರಾತ್ರಿ ನಿಮ್ಮ ಬಳಿ ಇರುವುದು ಕೈಚೀಲ ಮಾತ್ರ. ಒಂದು ಜೊತೆ ಬಟ್ಟೆ, ಟವೆಲ್, ತೆಳುವಾದ ಶಾಲು, ಮೂರು ದಿನದ ಮಾತ್ರೆ, ವೈದ್ಯರ ಚೀಟಿ ಅದರಲ್ಲಿರಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಮಲೇಷ್ಯಾ, ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಗೋಡೆಯ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿಗಳಿರುತ್ತವೆ. ನಮ್ಮ ದುಂಡು ಕಡ್ಡಿಯ ಚಾರ್ಜರ್ ಕೂರುವುದಿಲ್ಲ. ಅಡಾಪ್ಟರ್ ಒಂದನ್ನು ಮರೆತರೆ ಬೆಳಗಿನ ಅಲಾರಂ ಹೊಡೆಯಬೇಕಾದ ಮೊಬೈಲ್ ರಾತ್ರಿಯೇ ಸತ್ತಿರುತ್ತದೆ.

ಬಾಣಂತನಕ್ಕೆ ಹೊರಟವರ ಸಾಮಾನಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಮನೆಗಳಲ್ಲಿ ಕೊಬ್ಬರಿ ಕಟ್ಟಿಕೊಡದೆ ಯಾರನ್ನೂ ಕಳಿಸುವುದಿಲ್ಲ. ಆದರೆ ಎಣ್ಣೆಯಂಶದಿಂದ ಬೇಗ ಬೆಂಕಿ ಹತ್ತುವ ವಸ್ತುವೆಂದು ಒಣ ಕೊಬ್ಬರಿಯನ್ನು ಚೆಕ್‌ಇನ್ ಪೆಟ್ಟಿಗೆಯಿಂದ ತೆಗೆಸುತ್ತಾರೆ. ಗಸಗಸೆ ಇನ್ನೂ ಗಂಭೀರ: ಯುಎಇಯಲ್ಲಿ ಅದು ನಿಷಿದ್ಧ, ಸಿಂಗಪುರದಲ್ಲೂ ಕಟ್ಟುನಿಟ್ಟು. ಗಸಗಸೆ ಹಾಕಿದ ಅಂಟಿನುಂಡೆಯ ಡಬ್ಬಿಯನ್ನು ಆ ದಾರಿಯಲ್ಲಿ ಒಯ್ಯಲೇಬೇಡಿ. ಉಂಡೆಯನ್ನು ಗಸಗಸೆ ಇಲ್ಲದೆ ಕಟ್ಟಿ. ಸಿಂಗಪುರಕ್ಕೆ ಜಗಿಯುವ ತಂಬಾಕೂ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧ, ನಿದ್ದೆ ಮಾತ್ರೆಗಳಿಗೆ ಅಲ್ಲಿ ಮೊದಲೇ ಅನುಮತಿ ಬೇಕಾಗಬಹುದು. ಉಪ್ಪಿನಕಾಯಿ ಕೈಚೀಲಕ್ಕೆ ಸಲ್ಲದು.

ಹಣ, ಫೋನ್

ಬ್ಯಾಂಕ್ ಕಾರ್ಡ್‌ಗಳಲ್ಲಿ ಹೊರದೇಶದ ಬಳಕೆ ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಒಟಿಪಿ ಬರಲು ನಿಮ್ಮ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಇರಬೇಕು. ಗ್ರ್ಯಾಬ್ ಟ್ಯಾಕ್ಸಿ ಆ್ಯಪನ್ನು ಹಾಸನದಲ್ಲೇ ಹಾಕಿಕೊಂಡು ನಿಮ್ಮ ಸಂಖ್ಯೆಯಲ್ಲಿ ನೋಂದಾಯಿಸಿ. ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಮೂರರಲ್ಲೂ ನಡೆಯುತ್ತದೆ. ಊರಿನ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಳ್ಳಿ. ಹೋಟೆಲ್‌ನ ಹೆಸರು, ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಕಾಗದಕ್ಕೆ ಬರೆದು ಒಬ್ಬೊಬ್ಬರ ಜೇಬಿಗೂ ಒಂದೊಂದು ಹಾಕಿ.

ಆ ಎರಡು ಗಂಟೆ

ಕ್ವಾಲಾಲಂಪುರದಲ್ಲಿ ನಾನು ಸೂಚಿಸುವುದು ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್. ಅಲ್ಲಿನ ‘ಲಿಟಲ್ ಇಂಡಿಯಾ’ದಲ್ಲಿ ಬಾಳೆಲೆ ಊಟ, ದೋಸೆ ಸಿಗುತ್ತವೆ, ಹೂಮಾಲೆಯ ಅಂಗಡಿಗಳಿವೆ. ಹೋಟೆಲನ್ನೂ ಆ ಸುತ್ತಿನಲ್ಲೇ ಹಿಡಿದರೆ ಊಟ ಮುಗಿಸಿ ನಡೆದೇ ಹಿಂದಿರುಗಬಹುದು, ಬೆಳಿಗ್ಗೆ ರೈಲು ಕಾಲ್ನಡಿಗೆಯ ದೂರ. ಬ್ಯಾಂಕಾಕ್‌ನಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು: ಬರಿಯ ತರಕಾರಿ ಎಂದು ಕಂಡದ್ದರಲ್ಲೂ ಮೀನಿನ ಸಾಸ್ ಇರುತ್ತದೆ. ‘ಜೇ’ ಎಂದು ಬರೆದ ಹಳದಿ ಬಾವುಟದ ಅಂಗಡಿ ಕಂಡರೆ ಅಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ.

ಇನ್ನು ಚಿಕ್ಕಮ್ಮನ ಬಟು ಗುಹೆ. ಮುರುಗನ 42.7 ಮೀಟರ್ ಎತ್ತರದ ಬಂಗಾರ ಬಣ್ಣದ ಮೂರ್ತಿ, ಅದರ ಪಕ್ಕದಲ್ಲಿ ಹತ್ತಬೇಕಾದ 272 ಮೆಟ್ಟಿಲು. ದಣಿದ ಕಾಲಿನಲ್ಲಿ, ಕತ್ತಲಲ್ಲಿ ಅದು ಸಾಧ್ಯವಿಲ್ಲವೆಂದು ಹೇಳಿದಾಗ ಅವರ ಮುಖ ಸಣ್ಣದಾಯಿತು. ಆಮೇಲೆ ಟಿಕೆಟ್‌ನ ಎರಡನೆಯ ಹಾಳೆ ತಿರುವಿದೆವು. ಮೆಲ್ಬರ್ನ್‌ನಿಂದ ಮರಳುವಾಗ ಕ್ವಾಲಾಲಂಪುರಕ್ಕೆ ಬೆಳಿಗ್ಗೆ 6ಕ್ಕೆ ಬಂದು ರಾತ್ರಿ 9ಕ್ಕೆ ಹೊರಡುವುದು. ಕೆಎಲ್ ಸೆಂಟ್ರಲ್‌ನಿಂದ ಗುಹೆಯ ಬುಡದವರೆಗೂ ಕೊಮ್ಯೂಟರ್ ರೈಲು ಹೋಗುತ್ತದೆ. ಬಿಸಿಲೇರುವ ಮುನ್ನ ಹತ್ತಿ ಇಳಿದರೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಮಧ್ಯಾಹ್ನದ ಊಟ, ಸಂಜೆ 5ರ ಹೊತ್ತಿಗೆ ವಿಮಾನ ನಿಲ್ದಾಣದ ರೈಲು. ಚಿಕ್ಕಮ್ಮ ಪೆನ್ನು ತೆಗೆದುಕೊಂಡು, ಹಾಳೆಯ ಅಂಚಿನಲ್ಲಿ ‘ದರ್ಶನ’ ಎಂದು ಬರೆದು ಕೆಳಗೆ ಗೆರೆ ಎಳೆದರು.